ಹೂಂ ಅನ್ನುವ ಗಾಡಿ

ಕನ್ನಡದ ಗಂಡಂದಿರು ಅತಿ ಹೆಚ್ಚು ಆಡುವ, ಅತಿ ಕಡಿಮೆ ಯೋಚಿಸಿ ಆಡುವ ಮಾತು ಯಾವುದೆಂದು ಕೇಳಿದರೆ ನಾನು ತಡಮಾಡದೆ 'ಹೂಂ' ಎನ್ನುತ್ತೇನೆ. ಅದು ನನ್ನ ಉತ್ತರವೋ, ಪ್ರಶ್ನೆ ಕಿವಿಗೆ ಬಿತ್ತೆಂಬ ಸೂಚನೆಯೋ ಎಂಬುದನ್ನು ಕೇಳಿದವರೇ ತೀರ್ಮಾನಿಸಿಕೊಳ್ಳಬೇಕು. ಬಾಯಿ ತೆರೆಯದೆ ಆಡಬಹುದಾದ ಮಾತು ಇದೊಂದೇ. ಹಲ್ಲುಜ್ಜುತ್ತಲೂ ಆಡಬಹುದು, ವರ್ತಮಾನಪತ್ರಿಕೆಯ ಮರೆಯಲ್ಲಿ ಕೂತು ಕಣ್ಣನ್ನು ಅಕ್ಷರಗಳಿಂದ ಕದಲಿಸದೆಯೂ ಆಡಬಹುದು. ಉಪನಿಷತ್ತಿಗೆ ಓಂಕಾರ ಹೇಗೋ ಸಂಸಾರಕ್ಕೆ ಹೂಂಕಾರ ಹಾಗೆ ಎಂಬುದು ಆಗಿನ ನನ್ನ ಸಿದ್ಧಾಂತ. ಓದುಗ ಮಿತ್ರರೇ, ನಿಮ್ಮಲ್ಲಿ ಮದುವೆಯಾದವರು ಇದಕ್ಕೂ ಹೂಂ ಅಂದಿರಬೇಕು.

ಎಪ್ಪತ್ತರ ದಶಕದ ಆರಂಭದ ಮಾತು. ಧಾರವಾಡದ ಕಡೆಯವನಾದ ನಾನು ಮುಂಬಯಿಯ ಭಾಂಡುಪಿನ ಒಂದು ಕಾರಖಾನೆಯ ಸಂಶೋಧನಾ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದೆ. ತಂತಿಯಿಲ್ಲದೆ ಸಂದೇಶ ಕಳಿಸುವುದು ನನ್ನ ವಿದ್ಯೆ; ನಮ್ಮ ಬಂಧುಗಳು ಅದನ್ನು 'ರೇಡಿಯೋ ರಿಪೇರಿ' ಎಂದು ಸಂಕ್ಷೇಪಿಸಿದ್ದರು. ನಾವು ಕಟ್ಟುತ್ತಿದ್ದದ್ದು ಸಾರಥಿಯಿಲ್ಲದ ಒಂದು ಗಾಡಿ. ಕುಲುಮೆಯಿಂದ ತೆಗೆದ ಕಾದ ಕಬ್ಬಿಣವನ್ನು ಆಳುಗಳು ಕೈಗಾಡಿಯಲ್ಲಿ ತಳ್ಳಿ ಮೈಸುಟ್ಟುಕೊಳ್ಳುತ್ತಿದ್ದರು. ಅವರ ಬದಲು ಈ ಗಾಡಿ ಅದನ್ನು ಹೊತ್ತು ತಾನೇ ಚಲಿಸಬೇಕು. ದೂರದಲ್ಲಿ ಕೂತ ನಾನು ಗುಂಡಿ ಒತ್ತಿದರೆ ಒಂದು ಸ್ವರ ಹೋಗುತ್ತಿತ್ತು: ಎಡಕ್ಕೊಂದು, ಬಲಕ್ಕೊಂದು, ಮುಂದಕ್ಕೊಂದು. ಆಜ್ಞೆ ತಲುಪಿತೆಂದು ಗಾಡಿ 'ಪೀಂ' ಎಂದು ಮಾರುತ್ತರ ಕೊಟ್ಟು ಹೊರಡುತ್ತಿತ್ತು.

ಆ ಪೀಂಕಾರ ಕೇಳಿ ನಾನು ಹಿಗ್ಗಿದ್ದೇ ಹಿಗ್ಗಿದ್ದು. ಆದರೆ ಪಕ್ಕದ ಶೆಡ್ಡಿನಲ್ಲಿ ಮೋಟಾರು ಶುರುವಾದರೆ, ಹಳಿಯ ಮೇಲೆ ಲೋಕಲ್ ರೈಲು ಕಿಡಿ ಹಾರಿಸುತ್ತ ಹೋದರೆ, ನಾನು 'ಬಲಕ್ಕೆ' ಅಂದದ್ದು ಗಾಡಿಗೆ 'ಎಡಕ್ಕೆ' ಎಂದು ಕೇಳಿಸುತ್ತಿತ್ತು. ಆಗಲೂ ಅದು ಅಷ್ಟೇ ವಿನಯದಿಂದ ಪೀಂ ಎಂದು ಎಡಕ್ಕೆ ನುಗ್ಗುತ್ತಿತ್ತು. ಒಂದು ದಿನ ನಮ್ಮ ಸಾಹೇಬರ ಕಪಾಟಿನ ಬಾಗಿಲನ್ನೇ ಮುರಿಯಿತು. ಸಾಹೇಬರು ಪಾರ್ಸಿ, ಮೃದುಮಾತಿನವರು. ಕಪಾಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಡಿಕ್ರಾ, ಏಕ್ ಮೌಕಾ ಔರ್" ಎಂದರು. ಮಗನೇ, ಇನ್ನೊಂದೇ ಅವಕಾಶ. ಅದೂ ಕೆಟ್ಟರೆ ಗಾಡಿಯನ್ನು ಬಿಚ್ಚಿ ಗುಜರಿಗೆ ಹಾಕುವುದು, ನಮ್ಮ ವಿಭಾಗ ಮುಚ್ಚುವುದು, ಕಬ್ಬಿಣವನ್ನು ಮತ್ತೆ ಆಳುಗಳೇ ತಳ್ಳುವುದು ಎಂದು ನಿಶ್ಚಯವಾಯಿತು.

ಈ ಚಿಂತೆಯಲ್ಲಿ ಮುಳುಗಿ ಮನೆಯಲ್ಲಿ ನಾನು ಹೂಂಕಾರಮಾತ್ರಶೇಷನಾಗಿದ್ದೆ. ಹಾಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ, ಊರಿನಿಂದ ನನ್ನ ದೊಡ್ಡವ್ವ, ಜೋಳದ ಹಿಟ್ಟಿನ ಡಬ್ಬಿಯ ಸಮೇತ, ನಗುತ್ತ ನಿಂತಿದ್ದಾಳೆ! ನಾನು ಕಣ್ಣುಕಣ್ಣು ಬಿಡುತ್ತಿದ್ದಂತೆ ನನ್ನ ಹೆಂಡತಿ ಸುಮತಿ ಹಿಂದಿನಿಂದ, "ದೊಡ್ಡವ್ವನ್ನ ಕರಸೋಣೇನ್ರಿ ಅಂತ ನಾ ಕೇಳಿದ್ದೆ. ಹೂಂ ಅಂದ್ರಿ" ಎಂದಳು. ಅಂದಿರಲೇಬೇಕು. ಅದನ್ನು ಅಲ್ಲಗಳೆಯುವ ಎದೆಗಾರಿಕೆ ಯಾವ ಗಂಡನಿಗೂ ಇಲ್ಲ.

ದೊಡ್ಡವ್ವ ತಾಯಿಯಿಲ್ಲದ ನನ್ನನ್ನು ಸಾಕಿದವಳು. ಅವಳು ಬಂದ ಮೇಲೆ ನಮ್ಮ ಒಂದೂವರೆ ಕೋಣೆಯ ಮನೆಗೆ ಗಂಟಲು ಬಂತು. ಅವಳಿಗೆ ಕಥೆ ಹೇಳುವ ಚಟ, ಆ ಚಟಕ್ಕೊಂದು ನಿಯಮ: ಕೇಳುವವರು ಹೂಂಗುಡಬೇಕು. ಹೂಂ ನಿಂತರೆ ರಾಜಕುಮಾರ ಕುದುರೆಯ ಮೇಲೆ ಒಂದು ಕಾಲು ಹಾಕಿದವನು ಹಾಗೆಯೇ ನಿಲ್ಲುತ್ತಿದ್ದ. "ಹೂಂ ಅನ್ನೋ ತಮ್ಮಾ. ಇಲ್ಲಂದ್ರ ನಾ ಗ್ವಾಡಿ ಮುಂದ ಹೇಳಿಧಂಗ ಆಗ್ತದ" ಎನ್ನುತ್ತಿದ್ದಳು. ಗೋಡೆಗೆ ಕಥೆ ಹೇಳುವವಳಲ್ಲ ಅವಳು. ಸುಮತಿ ಅಡಿಗೆಮನೆಯಿಂದಲೇ ಹೂಂಗುಡುತ್ತಿದ್ದಳು. ಎಷ್ಟೋ ತಿಂಗಳಿಂದ ಅವಳ ದನಿಯಲ್ಲಿ ಕೇಳದಿದ್ದ ಲವಲವಿಕೆ ಆ ಹೂಂಕಾರದಲ್ಲಿತ್ತು. ನಾನೂ ಕೂತಲ್ಲೇ, ತಲೆಯೊಳಗೆ ಗಾಡಿಯ ಚಕ್ರ ತಿರುಗಿಸುತ್ತ, ತಪ್ಪದೆ ಹೂಂಗುಡುತ್ತಿದ್ದೆ.

ಒಂದು ಮಧ್ಯಾಹ್ನ ಊಟದ ನಂತರ ಕಥೆ ನಡೆದಿತ್ತು. ದೊಡ್ಡವ್ವ ದನಿ ಬದಲಿಸದೆ, "ಆಮ್ಯಾಲೆ ಆ ಪಟ್ಟದಾನಿ ಅಡಗಿಮನಿಗೆ ಬಂದು ಸಾರಿಗೆ ಒಗ್ಗರಣಿ ಕೊಟ್ಟಿತು" ಎಂದಳು.

"ಹೂಂ" ಎಂದೆ.

"ಸಾಸಿವಿ ಸಿಡೀತು. ಆನಿ ಸೆರಗಿನಿಂದ ಕಣ್ಣ ಒರಸಿಕೊಂಡಿತು."

"ಹೂಂ."

ಸುಮತಿ ಬಾಯಿಗೆ ಕೈಯಿಟ್ಟುಕೊಂಡು ನಗುತ್ತಿದ್ದಳು. ದೊಡ್ಡವ್ವ ನನ್ನ ಮಂಡಿಗೆ ಒಂದು ಏಟು ಹಾಕಿ, "ಎಲ್ಲೆ, ನಾ ಏನ್ ಹೇಳಿದೆ? ತಿರುಗಿ ಹೇಳು ನೋಡೋಣು" ಎಂದಳು.

ತಿರುಗಿ ಹೇಳು! ನಾನು ಎದ್ದು ಕೂತೆ. ಆನೆ, ಒಗ್ಗರಣೆ ಎರಡೂ ನನ್ನ ಕಿವಿಯನ್ನು ಹಾದುಹೋಗಿದ್ದವು. ಆದರೆ 'ತಿರುಗಿ ಹೇಳು' ಎಂಬ ಎರಡು ಶಬ್ದ ನೆಟ್ಟಗೆ ಒಳಗಿಳಿದವು. ನನ್ನ ಗಾಡಿಯ ರೋಗ ನನ್ನದೇ ಆಗಿತ್ತು: ಏನು ಕೇಳಿಸಿದರೂ ಹೂಂ. ಅದು ಬರೀ ಹೂಂ ಅನ್ನಕೂಡದು. ತನಗೆ ಕೇಳಿಸಿದ ಸ್ವರವನ್ನೇ ತಿರುಗಿ ಕಳಿಸಬೇಕು. ನಾನು ಕಳಿಸಿದ್ದಕ್ಕೂ ಬಂದದ್ದಕ್ಕೂ ತಾಳೆಯಾದರೆ ಮಾತ್ರ ಇತ್ತಲಿಂದ 'ಹೊರಡು'. ತಾಳೆಯಾಗದಿದ್ದರೆ, ಇಲ್ಲವೆ ಇತ್ತಲಿಂದ ಸದ್ದೇ ಬರದಿದ್ದರೆ, ದೊಡ್ಡವ್ವನ ರಾಜಕುಮಾರನಂತೆ ತಾನಾಗಿಯೇ ನಿಂತುಬಿಡಬೇಕು. ಇದನ್ನು ಪುಸ್ತಕಗಳಲ್ಲಿ ಓದಿರಲಿಲ್ಲವೆಂದಲ್ಲ. ಓದುವಾಗಲೂ ಹೂಂ ಎಂದಿದ್ದೆ, ಅಷ್ಟೆ.

ಕೊನೆಯ ಪರೀಕ್ಷೆಯ ದಿನ ಗಾಡಿ ಮುಂದೆ ಹೋಯಿತು, ತಿರುಗಿತು, ಮತ್ತೆ ಮುಂದೆ ಹೋಯಿತು. ಸಾಹೇಬರು ಕೈಯಲ್ಲಿ ಚಹಾದ ಕಪ್ಪು ಹಿಡಿದು ಅದರ ಎಡಬದಿಗೆ ನಿಂತಿದ್ದರು. ನಾನು 'ಬಲಕ್ಕೆ' ಒತ್ತಿದೆ. ಅದೇ ಕ್ಷಣಕ್ಕೆ ಪಕ್ಕದ ಶೆಡ್ಡಿನ ಮೋಟಾರು ಗುರ್ರೆಂದಿತು. ಗಾಡಿ ನಿಂತುಬಿಟ್ಟಿತು.

"ಅರೆ, ಬಂದ್ ಪಡ್ ಗಯಾ ಕ್ಯಾ?" ಎಂದರು ಸಾಹೇಬರು. ಕೆಟ್ಟುಹೋಯಿತೇ ಎಂದು ಅವರ ಪ್ರಶ್ನೆ. ನಾನು ಅವರನ್ನು ಕರೆದು ನನ್ನ ಮುಂದಿದ್ದ ಎರಡು ದೀಪಗಳನ್ನು ತೋರಿಸಿದೆ: ನಾನು ಕಳಿಸಿದ್ದು ಬಲ, ಗಾಡಿ ತಿರುಗಿ ಹೇಳಿದ್ದು ಎಡ. ಸಾಹೇಬರು ದೀಪ ನೋಡಿದರು, ತಾವು ನಿಂತಿದ್ದ ಜಾಗ ನೋಡಿದರು, ಬಗ್ಗಿ ತಮ್ಮ ಮೊಣಕಾಲನ್ನು ಒಮ್ಮೆ ಸವರಿಕೊಂಡರು. "ಚಾಲೂ ರಖೋ" ಎಂದರು. ಮುಂದುವರಿಸು. ನಮ್ಮ ಕೆಲಸ ಉಳಿಯಿತು.

ಆ ಸಂಜೆ ನಾನು ಗ್ರಾಂಟ್ ರೋಡಿನವರೆಗೆ ಹೋಗಿ ದೊಡ್ಡವ್ವನಿಗೆ ಇಳಕಲ್ ಸೀರೆ ತಂದೆ. ಯಾಕೆಂದು ವಿವರಿಸಿದೆ. ಅವಳು ಪ್ರತಿ ವಾಕ್ಯಕ್ಕೂ ಹೂಂಗುಟ್ಟಿ, ಕೊನೆಗೆ, "ಹಂಗಾರ ರೇಡಿಯೋ ರಿಪೇರಿ ಆತು, ಅಲ್ಲೇನು?" ಎಂದಳು. ನಾನು ಅವಳ ಕಾಲಿಗೆರಗಿದೆ. ಯಾವ ಗುರುವಿಗೂ ಅಷ್ಟು ಮನಸಾರೆ ನಾನು ನಮಸ್ಕರಿಸಿದ್ದಿಲ್ಲ.

ಅವಳು ಸೀರೆಯನ್ನು ಪಕ್ಕದ ಮನೆಯವರಿಗೆ ತೋರಿಸಲು ಹೋದಳು. ಸುಮತಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ತಲೆಯೆತ್ತದೆ, "ದೊಡ್ಡವ್ವ ಬರೂ ವಾರ ಊರಿಗೆ ಹೊಂಟಾಳ್ರಿ. ಆಕಿ ಹೋದ್ರ ನನಗ ಮಾತಾಡ್ಲಿಕ್ಕೆ ಯಾರೂ ಇರೂದಿಲ್ಲ" ಎಂದಳು.

ಹೂಂ ಗಂಟಲವರೆಗೆ ಬಂದಿತ್ತು. ನುಂಗಿಕೊಂಡೆ.

"ದೊಡ್ಡವ್ವ ಹೋದ್ರ," ಎಂದು ನಾನು ಮೆಲ್ಲಗೆ ತಿರುಗಿ ಹೇಳಿದೆ, "ನಿನಗ ಮಾತಾಡ್ಲಿಕ್ಕೆ ಯಾರೂ ಇರೂದಿಲ್ಲ."

ನನ್ನ ಬಾಯಿಂದಲೇ ಹೊರಬಿದ್ದಾಗ ಆ ಮಾತು ನನಗೆ ಕೇಳಿಸಿತು. ಆ ಮನೆಯಲ್ಲಿ ನಾನೂ ಇದ್ದೆನಲ್ಲ.

ಸುಮತಿಯ ಕೈ ಸೊಪ್ಪಿನ ಮೇಲೆ ನಿಂತಿತು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ಹೂಂ" ಎಂದಳು. ಆಮೇಲೆ ಸೊಪ್ಪನ್ನು ಬದಿಗೆ ಸರಿಸಿ, ಮಾತಾಡತೊಡಗಿದಳು.