ಮೆಷಿನ್ ಬಿಸಾಡಿದ ಗೇರುಬೀಜ

ಗಂಡ ಸಾಹುಲ್ ಹಮೀದ್ ತೀರಿಕೊಂಡ ಮೇಲೆ ಸಫಿಯಮ್ಮ ನಾಲ್ಕು ತಿಂಗಳು ಹತ್ತು ದಿನ ಮನೆಯಿಂದ ಹೊರಬೀಳದೆ ಇದ್ದತ್ ಕೂತಳು. ಅದು ಮುಗಿದ ಮರುದಿನವೇ ಪೆರಾಬೆಯಿಂದ ಬಸ್ಸು ಹಿಡಿದು ಕಡಬದ ಗೇರುಬೀಜ ಫ್ಯಾಕ್ಟರಿಗೆ ಹೋದಳು. ಹತ್ತೊಂಬತ್ತು ವರ್ಷ ಅಲ್ಲಿ ಬೀಜ ಆರಿಸಿದವಳು. ಅವಳ ಜಾಗದಲ್ಲಿ ಈಗ ಕ್ಯಾಮರಾದ ಮೆಷಿನ್ ನಿಂತಿತ್ತು.

"ಇನ್ನು ಇದೇ ಆರಿಸುದು. ನೀವು ಮನೆಯಲ್ಲಿ ರೆಸ್ಟ್ ಮಾಡಿ ಸಫಿಯಮ್ಮ," ಎಂದ ಮೆಷಿನ್ ನೋಡಿಕೊಳ್ಳುವ ಪ್ರಖ್ಯಾತ್.

"ರೆಸ್ಟ್ ಮಾಡಿ ಸಾಕಾಗಿದೆ ಮಾರಾಯಾ. ಇನ್ನೂ ಗೋಡೆ ನೋಡಿ ಕೂರ್ಲಿಕ್ಕೆ ನನ್ನಿಂದ ಆಗುದಿಲ್ಲ."

ಮೆಷಿನ್ ಕರಟಿದ್ದೆಂದು ಬಿಸಾಡಿದ ಬೀಜಗಳ ಪೆಟ್ಟಿಗೆಗೆ ಅವಳು ಕೈ ಹಾಕಿದಳು. ಒಂದನ್ನು ಉಗುರಿನಿಂದ ಕೆರೆದಳು. ಅಂಟಿದ್ದ ಕೆಂಪು ಸಿಪ್ಪೆ ಎದ್ದು ಬಂತು, ಒಳಗೆ ಬಿಳಿ ಬೀಜ. ಎರಡನೆಯದೂ ಹಾಗೆಯೇ.

"ಇದಕ್ಕೆ ಯಾರು ಕಲಿಸಿದ್ದು?"

"ನೀವಿಲ್ಲದಾಗ ಹೊಸ ಹುಡುಗಿಯರು ಆರಿಸಿ ಕೊಟ್ಟದ್ದು. ಅದರ ಫೋಟೋ ನೋಡಿ ಇದು ಕಲಿತದ್ದು."

"ಅವರು ಅರ್ಜೆಂಟಲ್ಲಿ ಸಿಪ್ಪೆ ಇದ್ದದ್ದನ್ನೂ ಕರಟಿದ್ದರ ರಾಶಿಗೇ ಹಾಕಿದ್ದಾರೆ. ಇದೂ ಹಾಗೆಯೇ ಕಲಿತಿದೆ."

ಪ್ರಖ್ಯಾತ್ ತಲೆ ಕೆರೆದುಕೊಂಡ. "ಹಾಗಾದರೆ ನೀವೇ ಆರಿಸಿ ಕೊಡಿ, ಪುನಃ ಕಲಿಸುವ. ಒಂದು ವಾರ ಸಾಕು."

"ಕಲಿಸಿ ಆದ ಮೇಲೆ ನನ್ನನ್ನು ಓಡಿಸುದಾ? ಬರುವ ವರ್ಷದ ಬೀಜದ ಬಣ್ಣವೇ ಬೇರೆ ಇರ್ತದೆ. ಆಗ ಇದಕ್ಕೆ ಎಂತ ಗೊತ್ತುಂಟು? ನಾನು ಇಲ್ಲೇ ಕೂರುದು. ಧಣಿಗೆ ಹೇಳು."

ಕುರ್ಚಿ ಎಳೆದು ಮೆಷಿನಿನ ಪಕ್ಕ ಕೂತಳು. ಸಂಜೆ ಧಣಿ ಬಂದರು. ಅವಳು ಕೆರೆದು ರಾಶಿ ಹಾಕಿದ ಬಿಳಿ ಬೀಜ ನೋಡಿದರು, ಒಂದನ್ನು ಬಾಯಿಗೆ ಹಾಕಿಕೊಂಡು ಹೋದರು.

ಮರುದಿನವೂ ಅವಳು ಅದೇ ಬಸ್ಸಿಗೆ ಬಂದಳು. ಕುರ್ಚಿಯನ್ನು ಯಾರೂ ತೆಗೆದಿರಲಿಲ್ಲ.