ನಕ್ಷೆಯಲ್ಲಿ ಬಿಳಿ ಬಿಟ್ಟ ಜಾಗ

ಅಮೀರ್‌ಪೇಟೆಯ ಹಾಸ್ಟೆಲ್ಲಿನಲ್ಲಿ ನನ್ನ ಹೆಸರಿಗಿಂತ ಮೊದಲು ಕೇಳಿದ್ದು ಯಾವ ಕೋರ್ಸು ಎಂದು. ಕೋಣೆಯಲ್ಲಿ ಆರು ಮಂಚ. ಉಳಿದ ಐವರೂ ಕಂಪ್ಯೂಟರ್ ಕಲಿಯಲು ಬಂದವರು. ವಿಶ್ವವಿದ್ಯಾಲಯದಲ್ಲಿ ಭೂಗೋಳದ ಎಂ.ಎ. ಎಂದೆ. ಎಲ್ಲರೂ ಸತ್ತ ಮನೆಗೆ ಬಂದವರ ಮುಖ ಮಾಡಿದರು. ಒಬ್ಬಳು, ಪಾಪ, ಸಂಜೆ ಹೊತ್ತು ಜಾವಾ ಕಲಿಯಬಹುದಲ್ಲ ಎಂದು ಸಮಾಧಾನ ಹೇಳಿದಳು.

ಯಾದಗಿರಿಯಿಂದ ತೆಲುಗರ ಈ ಮಹಾನಗರಕ್ಕೆ ನಾಲ್ಕೈದು ತಾಸಿನ ದಾರಿ. ಅಷ್ಟಕ್ಕೇ ನನ್ನ ಬಾಯಿ ಕಟ್ಟಿಹೋಯಿತು. ಕ್ಲಾಸಿನಲ್ಲಿ ಇಂಗ್ಲಿಷು, ಕೋಣೆಯಲ್ಲಿ ತೆಲುಗು, ಆಟೋದವನೊಡನೆ ಹಿಂದಿ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಯಾರ ಮಗಳು, ಎಲ್ಲಿಗೆ ಹೊರಟೆ ಎಂದು ಕೇಳದೆ ಬಿಡುವುದಿಲ್ಲ. ಆಗ ಸಿಟ್ಟು ಬರುತ್ತಿತ್ತು. ಇಲ್ಲಿ ಯಾರೂ ಕೇಳಲಿಲ್ಲ. ಅಳು ಬಂತು.

ಮೊದಲ ಸೆಮಿಸ್ಟರಿಗೆ ಈ ಊರಿನ ಪಶ್ಚಿಮದ ಅಂಚಿನ ನಕ್ಷೆ ಬರೆಯಬೇಕಿತ್ತು. ಮನೆಗೆ ಕೆಂಪು, ಹೊಲಕ್ಕೆ ಹಸಿರು, ಖಾಲಿ ಜಾಗಕ್ಕೆ ಬಿಳಿ. ಸರ್ವೆಗೆಂದು ಹೋದಾಗ, ಗಾಜಿನ ಕಟ್ಟಡಗಳು ಏಳುತ್ತಿದ್ದಲ್ಲಿ, ಹಿಂದಿನ ತಗಡಿನ ಶೆಡ್ಡುಗಳ ನಡುವಿನಿಂದ, "ಏ, ಉಣ್ಣಾಕ ಬಾ" ಎಂದು ಯಾರೋ ಮಗಳನ್ನು ಕರೆದರು. ನಾನೇ ಹೋಗಿ ನಿಂತೆ.

ಕರೆದವಳು ಮಲ್ಲಮ್ಮ, ನಮ್ಮೂರ ಪಕ್ಕದ ಶಹಾಪುರದ ಕಡೆಯವಳು, ಗಾರೆ ಕೆಲಸಕ್ಕೆ ಬಂದಿದ್ದಳು. ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಹಾಸ್ಟೆಲ್ಲಿನಲ್ಲಿ ಗೋಂಗೂರ ಎಂದು ಬಡಿಸಿದಾಗ ನಾನು ಬದಿಗೆ ತಳ್ಳುತ್ತಿದ್ದುದು ಇದೇ ಸೊಪ್ಪು. ಮುಂದೆ ಪ್ರತಿ ಭಾನುವಾರ ಸರ್ವೆಯ ನೆವ ಮಾಡಿಕೊಂಡು ಹೋದೆ. ವಾರದ ಮಾತನ್ನೆಲ್ಲ ಅಲ್ಲೇ ಆಡಿ ಮುಗಿಸುತ್ತಿದ್ದೆ.

ಒಂದು ದಿನ ಅವಳು ನನ್ನ ನಕ್ಷೆಯ ಹಾಳೆಯ ಮೇಲೆ ಬಾಗಿದಳು. "ನಮ್ಮ ಮನಿ ಇದರಾಗ ಎಲ್ಲಿ ಅದಾವ ತಂಗಿ?"

"ಇನ್ನೂ ಬಣ್ಣ ಹಚ್ಚಿಲ್ಲಕ್ಕಾ. ಹಚ್ಚತೀನಿ."

ಹಚ್ಚಿದೆ ಕೂಡ, ಶೆಡ್ಡುಗಳಿಗೆಲ್ಲ ಕೆಂಪು. ನಮ್ಮ ಸರ್ ನೋಡಿದರು. ಕಟ್ಟಡ ಮುಗಿದರೆ ಎದ್ದು ಹೋಗುವವರ ಶೆಡ್ಡು ಮನೆಯ ಲೆಕ್ಕಕ್ಕೆ ಬರುವುದಿಲ್ಲ, ಬಿಳಿ ಬಿಟ್ಟು ತಂದರೆ ಮಾತ್ರ ಸಹಿ ಎಂದರು. ವಾದಿಸಲು ನನ್ನ ಇಂಗ್ಲಿಷು ಸಾಲಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ಸಾಲದೆ ಹೋದದ್ದು ಧೈರ್ಯ. ಹೊಸ ಹಾಳೆಯಲ್ಲಿ ಬರೆದು ಕೊಟ್ಟೆ. ಚೆನ್ನಾಗಿದೆ ಎಂದು ಅದನ್ನು ವಿಭಾಗದ ಗೋಡೆಗೆ ಹಾಕಿದರು.

ಆ ಭಾನುವಾರ ಹೋಗಲಿಲ್ಲ. ಮುಂದಿನ ಭಾನುವಾರವೂ ಹೋಗಲಿಲ್ಲ. ಹೋದರೆ ಅವಳು ನಕ್ಷೆ ತೋರಿಸು ಎನ್ನುತ್ತಾಳೆ.

ಈಗ ನನಗೆ ತೆಲುಗು ಬರುತ್ತದೆ. ಕೋಠಿ ಬಜಾರಿನಲ್ಲಿ ಹಳೆಯ ಪುಸ್ತಕಕ್ಕೆ ಚೌಕಾಸಿ ಮಾಡುತ್ತೇನೆ. ಊರಿಗೆ ಹೋದರೆ ಎರಡೇ ದಿನಕ್ಕೆ ಈ ಊರು ನೆನಪಾಗುತ್ತದೆ. ಮೊನ್ನೆ ಹಾಸ್ಟೆಲ್ಲಿನ ಫೋನಿಗೆ ಅವ್ವ ಮಾಡಿದ್ದಳು. ಮಗಳು ಒಬ್ಬಳೇ ಇದ್ದಾಳೆಂಬ ಚಿಂತೆ ಅವಳಿಗೆ.

"ಅಲ್ಲಿ ನಮ್ಮ ಮಂದಿ ಯಾರರ ಅದಾರೇನ?"

"ಯಾರೂ ಇಲ್ಲಬೇ" ಎಂದೆ.