ಬ್ರೇಕಕ್ಕನ ಕಾಲುನೋವು

ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಗೆ ಬ್ರೇಕಕ್ಕ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಬುಡದಲ್ಲಿದ್ದ ಎರಡನೆಯ ಬ್ರೇಕನ್ನು ಒತ್ತಿ ಊರಿನ ಜನರ ಪ್ರಾಣ ಉಳಿಸುವುದೇ ಅವಳ ಕೆಲಸ. ವರ್ಷಗಟ್ಟಲೆ ಹೀಗೆ ಕೂತು ಕೂತು ಸೊಂಟ ಸೀಟಿನ ಆಕಾರಕ್ಕೆ ಬಂದಿತ್ತು. ಮನೆಯಿಂದ ಸ್ಕೂಲಿಗೆ ಸ್ಕೂಟರ್, ಸ್ಕೂಲಿನಲ್ಲಿ ಕಾರು. ನಡಿಗೆ ಎಂದರೆ ಅಡುಗೆಮನೆಯಿಂದ ಹಾಲ್‌ವರೆಗೆ, ಅಷ್ಟೇ.

ಅವಳಿಗೆ ಓಟದ ಹುಚ್ಚು ಹಿಡಿಸಿದ್ದು ಒಂದು ಇಳಿಜಾರು. ಆಗ ಅವಳ ಹತ್ತಿರ ಕಲಿಯುತ್ತಿದ್ದವರು ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು. ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಚಕ್ರ ಫುಟ್‌ಪಾತಿಗೆ ಸರಿಯಾಗಿ ತಾಗಿಕೊಂಡಿದೆಯೇ ಎಂದು ನೋಡಲು ಇಬ್ಬರೂ ಕೆಳಗಿಳಿದರು. ಹ್ಯಾಂಡ್‌ಬ್ರೇಕ್ ಎಳೆಯುವುದನ್ನು ಶಿಷ್ಯೆ ಮರೆತಿದ್ದರು, ಗುರುವೂ ಗಮನಿಸಿರಲಿಲ್ಲ. ಕಾರು ತನಗೇ ಬುದ್ಧಿ ಬಂದಂತೆ ಹಿಂದಕ್ಕೆ ಹೊರಟಿತು. ಬ್ರೇಕಕ್ಕ ಸೆರಗು ಸಿಕ್ಕಿಸಿಕೊಂಡು ಓಡಿದಳು, ತೆರೆದೇ ಇದ್ದ ಬಾಗಿಲಿನಿಂದ ಒಳಗೆ ಬಿದ್ದಳು, ಹ್ಯಾಂಡ್‌ಬ್ರೇಕ್ ಎಳೆದಳು. ಕೆಳಗಿದ್ದ ಕನ್ನಡಿ ಅಂಗಡಿ ಕೂದಲೆಳೆಯಲ್ಲಿ ಪಾರಾಯಿತು.

ಕಾರು ನಿಂತಿತು, ಆದರೆ ಅವಳ ಉಸಿರು ಮಾತ್ರ ಎಷ್ಟು ಹೊತ್ತಾದರೂ ಹದಕ್ಕೆ ಬರಲೊಲ್ಲದು. ಹೆಡ್‌ಮಿಸ್ಟ್ರೆಸ್ ಕರವಸ್ತ್ರದಿಂದ ಗಾಳಿ ಬೀಸುತ್ತಾ, "ಮನೆಯವರ ನಂಬರ್ ಹೇಳಿ, ಬೇಗ ಹೇಳಿಬಿಡಿ" ಎಂದರು. 'ನಾನಿನ್ನೂ ಸತ್ತಿಲ್ಲ' ಎಂದು ಹೇಳಬೇಕೆನಿಸಿತು. ಹೇಳಲು ಉಸಿರಿರಲಿಲ್ಲ.

ಆ ಅವಮಾನ ಅವಳಿಗೆ ನಾಟಿತು. ಮರುದಿನ ಬೆಳಿಗ್ಗೆ ಮಗ ಬಿಸಾಡಿದ್ದ ಕ್ಯಾನ್ವಾಸ್ ಶೂ ಹಾಕಿಕೊಂಡು, ತುದಿಗೆ ಬಟ್ಟೆ ತುರುಕಿ, ನೀರಿನ ಟ್ಯಾಂಕಿನ ಹಿಂದಿನ ಮೈದಾನಕ್ಕೆ ಹೋದಳು. ಮುಂದೆ ಅದೇ ಕಾರು ಉರುಳಿಕೊಂಡು ಹೋಗುತ್ತಿದೆ ಎಂಬಂತೆ ಓಡಿದಳು. ಮೈಯೆಲ್ಲ ಬೆವರು, ನಾಲಗೆ ಹೊರಗೆ. ಆದರೂ ಏನೋ ಗೆದ್ದಂತೆ ಖುಷಿ. ಮರುದಿನವೂ ಹಾಗೆಯೇ ಓಡಿದಳು, ಅದರ ಮರುದಿನವೂ. ಒಂದು ದಿನವೂ ತಪ್ಪಿಸಲಿಲ್ಲ.

ಎರಡನೆಯ ವಾರ ಮುಗಿಯುವಷ್ಟರಲ್ಲಿ ಕಾಲು ತಕರಾರು ತೆಗೆಯಿತು. ಮೊಣಕಾಲಿನ ಕೆಳಗೆ, ಮೂಳೆಯ ಒಳಬದಿಯಲ್ಲಿ, ಯಾರೋ ಚಮಚದಿಂದ ಕೆರೆದಂತೆ ನೋವು. ಓಡಲು ಶುರು ಮಾಡಿದಾಗ ಜೋರು, ಮೈ ಬಿಸಿಯಾದ ಮೇಲೆ ಸ್ವಲ್ಪ ಕಡಿಮೆ, ಸಂಜೆಗೆ ಮತ್ತೆ ಹಾಜರು. ಎರಡೂ ಕಾಲಿನಲ್ಲಿ, ಬಲಗಾಲಿನಲ್ಲಿ ಒಂದು ಕೈ ಹೆಚ್ಚು.

ಆಮೇಲೆ ಶುರುವಾಯಿತು ನೋಡಿ, ಸಲಹೆಗಳ ಸುರಿಮಳೆ.

"ಎಣ್ಣೆ ಬಿಸಿ ಮಾಡಿ ತಿಕ್ಕು" ಎಂದರು ಅತ್ತೆ. ತಿಕ್ಕಿದಳು, ನೋವು ಇನ್ನಷ್ಟು ಎದ್ದಿತು.

"ಶೂ ಹಾಕಲೇಬಾರದಂತಮ್ಮ, ಬರಿಗಾಲಲ್ಲಿ ಓಡ್ಬೇಕಂತೆ" ಎಂದ ಮಗ, ಫೋನಿನಿಂದ ತಲೆ ಎತ್ತದೆ. ಬರಿಗಾಲಿನಲ್ಲಿ ಓಡಿದಳು. ಮೂಳೆಯ ನೋವಿನ ಜೊತೆಗೆ ಅಂಗಾಲಿಗೆ ಕಲ್ಲು ಚುಚ್ಚಿತು.

ಗಂಡ ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ಬೈಂಡಿಂಗ್ ಮಾಡುವವನು. ದಿನವಿಡೀ ನಿಂತೇ ಇರುವವನು. ಅವನ ಮಾತು ಎಲ್ಲಕ್ಕಿಂತ ಚಿಕ್ಕದು. "ಬಿಟ್ಬಿಡು."

"ಬಿಟ್ಬಿಡು ಅನ್ನೋಕೆ ನೀವೇ ಬೇಕಾ? ಗೋಡೆನೂ ಹೇಳತ್ತೆ!"

"ಮತ್ತೆ ಗೋಡೆ ಮಾತಾದ್ರೂ ಕೇಳು" ಎಂದು ಅವನು ಮಗ್ಗುಲು ಬದಲಿಸಿದ.

ಇದೆಲ್ಲ ಮನೆಯೊಳಗಿನ ರಗಳೆ. ಅಸಲು ಫಜೀತಿ ಇದ್ದದ್ದು ಕಾರಿನಲ್ಲಿ. ಬ್ರೇಕ್ ಒತ್ತುವುದು ಬಲಗಾಲು. ಒತ್ತಿದಾಗಲೆಲ್ಲ ಅವಳ ಬಾಯಿಂದ "ಅಯ್ಯೋ!" ಹೊರಡುತ್ತಿತ್ತು. ಅದನ್ನು ಕೇಳಿ, ಯಾರ ಮೇಲೋ ಕಾರು ಹತ್ತಿಸಿಬಿಟ್ಟೆವೆಂದು ಕಲಿಯುವವರು ಸ್ಟೀರಿಂಗ್ ಬಿಟ್ಟು ಮುಖ ಮುಚ್ಚಿಕೊಳ್ಳುತ್ತಿದ್ದರು. "ಏನೂ ಆಗಿಲ್ಲ, ಕೈ ಇಡಿ, ಸ್ಟೀರಿಂಗ್ ಮೇಲೆ ಕೈ ಇಡಿ!" ಎಂದು ಅರಚಿ ಅರಚಿ ಅವಳ ಗಂಟಲೂ ಹೋಯಿತು.

ಒಂದು ಮಧ್ಯಾಹ್ನ ಹೆಡ್‌ಮಿಸ್ಟ್ರೆಸ್ ತಿರುವಿನಲ್ಲಿ ಬ್ರೇಕ್ ಬದಲು ಆಕ್ಸಿಲರೇಟರ್ ತುಳಿದರು. ಬ್ರೇಕಕ್ಕನ ಕಾಲು ಬ್ರೇಕಿನ ಮೇಲೆ ಹೋಯಿತು, ನೋವಿಗೆ ಹೆದರಿ ಅರೆಕ್ಷಣ ಹಿಂಜರಿಯಿತು. ಅಷ್ಟೇ ಸಾಕಾಯಿತು. ಕಾರು ರಸ್ತೆ ಬದಿಯ ಕಸದ ತೊಟ್ಟಿಯನ್ನು ಉರುಳಿಸಿ, ಕಸದ ನಡುವೆ ಮೂತಿಯಿಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಬ್ರೇಕಕ್ಕ ಕೆಳಗಿಳಿದು ಉರುಳಿದ ತೊಟ್ಟಿಯನ್ನು ನೋಡಿದಳು. ತೊಟ್ಟಿಯ ಜಾಗದಲ್ಲಿ ಮನುಷ್ಯರು ನಿಂತಿದ್ದರೆ?

ಸ್ಕೂಲಿನ ಯಜಮಾನ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. "ಕಾಲು ಸರಿಯಾಗೋ ತನಕ ಆಫೀಸಲ್ಲಿ ಕೂತು ಫೋನ್ ತಗೊಳ್ಳಿ" ಎಂದ, ತಣ್ಣಗೆ.

ಮೈಯೆಲ್ಲ ಉರಿದುಹೋಯಿತು. ಅದೇ ಸಿಟ್ಟಿನಲ್ಲಿ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ನುಗ್ಗಿದಳು. ಅಲ್ಲಿದ್ದ ಹೆಂಗಸು ಕಣಕಾಲಿನ ಮೂಳೆಯುದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ಬಂದಳು.

"ಒಂದೇ ಜಾಗದಲ್ಲಿ ಚುಚ್ಚತ್ತಾ, ಇಲ್ಲಾ ಉದ್ದಕ್ಕೂ ನೋಯತ್ತಾ?"

"ಉದ್ದಕ್ಕೂ ರೀ. ಮೆಲ್ಲಗೆ ಒತ್ತಿ, ಮೂಳೆ ಅದು, ಕಾಲಿಂಗ್ ಬೆಲ್ ಅಲ್ಲ!"

"ಪುಣ್ಯ. ಒಂದೇ ಕಡೆ ಚುಚ್ಚೋದಾಗಿದ್ರೆ ಮೂಳೆ ಬಿರುಕು ಬಿಟ್ಟಿದೆಯಾ ಅಂತ ನೋಡ್ಬೇಕಿತ್ತು. ಓಡೋಕೆ ಹೇಗೆ ಶುರು ಮಾಡಿದ್ರಿ?"

ಬ್ರೇಕಕ್ಕ ಹೇಳಿದಳು. ಶೂ ತುದಿಗೆ ಬಟ್ಟೆ ತುರುಕಿದ್ದನ್ನೂ ಬಿಡಲಿಲ್ಲ.

ಆಕೆ ನಗು ತಡೆದುಕೊಂಡು ಕೇಳಿದಳು. "ನಿಮ್ಮ ಹತ್ರ ಕಲಿಯೋಕೆ ಬಂದವರನ್ನ ಮೊದಲ್ನೇ ದಿನವೇ ಹೈವೇಗೆ ಕರ್ಕೊಂಡು ಹೋಗ್ತೀರಾ?"

ಬ್ರೇಕಕ್ಕ ಕಾಲನ್ನು ಹಿಂದಕ್ಕೆಳೆದುಕೊಂಡಳು. ಸರಿಯಾದ ಮಾತು ಕೇಳಿದಾಗ ಬರುವಷ್ಟು ಸಿಟ್ಟು ತಪ್ಪು ಮಾತಿಗೂ ಬರುವುದಿಲ್ಲ.

ಆಕೆ ಬರೆದುಕೊಟ್ಟದ್ದು ಇಷ್ಟು: ಕೆಲವು ವಾರ ಓಟ ಬಂದ್. ಸಂಜೆ ಬಟ್ಟೆಯಲ್ಲಿ ಐಸ್ ಸುತ್ತಿ ಇಡುವುದು. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಅಳತೆಗೆ ಸರಿಯಾದ ಶೂ. ನೋವು ಹೋದ ಮೇಲೆ ಸ್ವಲ್ಪ ನಡಿಗೆ, ಸ್ವಲ್ಪ ಓಟ, ನಡುನಡುವೆ ಬಿಡುವಿನ ದಿನ. ಓಡುವಾಗ ಮಾತಾಡಲು ಉಸಿರು ಉಳಿದಿರಬೇಕು. ಆಫೀಸಿನಲ್ಲಿ ಫೋನ್ ಕಿವಿಗಿಟ್ಟುಕೊಂಡೇ ಅವಳು ಹಿಮ್ಮಡಿ ಎತ್ತಿಳಿಸಿದಳು. "ಮೇಡಂ, ಯಾಕೆ ಏದುಸಿರು ಬಿಡ್ತಿದ್ದೀರಿ?" ಎಂದು ಆ ಕಡೆಯವರು ಕೇಳಿದರೆ, "ಲೈನ್ ಸರಿಯಿಲ್ಲ" ಎಂದು ಇಟ್ಟುಬಿಡುತ್ತಿದ್ದಳು.

ನೋವು ಮೆಲ್ಲಗೆ, ಹೇಳದೆ ಕೇಳದೆ ಹೋಯಿತು. ಕಾರಿಗೆ ವಾಪಸ್ಸಾದಳು. ಮೈದಾನಕ್ಕೂ ಹೋದಳು. ಆದರೆ ಆ ನಿಧಾನದ ಓಟ! ಫೋನಿನಲ್ಲಿ ಜಗಳವಾಡುತ್ತಾ ನಡೆಯುತ್ತಿದ್ದ ಮುದುಕರೊಬ್ಬರು ಅವಳನ್ನು ದಾಟಿ ಮುಂದೆ ಹೋದರು. ಹಲ್ಲು ಕಚ್ಚಿದಳು, ವೇಗ ಮಾತ್ರ ಏರಿಸಲಿಲ್ಲ. ಹೀಗೆ ತಿಂಗಳುಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಎಲ್ಲೂ ನಡೆಯದೆ, ಎಲ್ಲೂ ನೋಯದೆ ಮೈದಾನ ಪೂರ್ತಿ ಸುತ್ತಿದಳು. ನೋಡಲು ಒಂದು ನರಪಿಳ್ಳೆಯೂ ಇರಲಿಲ್ಲ.

ಮನೆಗೆ ಬಂದು, "ಪೂರ್ತಿ ಸುತ್ತು ಓಡ್ದೆ!" ಎಂದಳು.

"ನನ್ನ ಕನ್ನಡಕ ನೋಡಿದ್ಯಾ?" ಎಂದರು ಅತ್ತೆ. ಗಂಡ ಸ್ನಾನಕ್ಕೆ ಹೋಗಿದ್ದ. ಮಗ ಎದ್ದೇ ಇರಲಿಲ್ಲ.

ಬ್ರೇಕಕ್ಕ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿದಳು. ಕಣಕಾಲಿನ ಮೂಳೆಯನ್ನು ಒತ್ತಿ ನೋಡಿದಳು. ನಂಬಿಕೆ ಬರಲಿಲ್ಲ. ಇನ್ನೂ ಜೋರಾಗಿ ಒತ್ತಿದಳು. ಇಲ್ಲ, ನೋವಿಲ್ಲ. "ಇಷ್ಟು ದಿನ ಆಟ ಆಡಿಸ್ದೆಯಲ್ಲ" ಎಂದು ಕಾಲಿಗೇ ಬೈದು, ಅತ್ತೆಯ ಕನ್ನಡಕ ಹುಡುಕಲು ಎದ್ದಳು.